ಬೇಯಿಸಿದ್ದು ಯಾರು

ನಾನು ರಷ್ಯನ್ ಕಲಿತದ್ದು ಪ್ರೀತಿಯಿಂದಲ್ಲ, ಜಗಳಕ್ಕೆ. ಬೆಂಗಳೂರಿನ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ನನಗೆ ಎದುರಾಗುತ್ತಿದ್ದ ಒಬ್ಬ ಗಡ್ಡದ ಹುಡುಗನಿಗೆ ವಾದ ಸೋಲುತ್ತಿದೆ ಅನ್ನಿಸಿದಾಗಲೆಲ್ಲ "ಮೂಲ ರಷ್ಯನ್ನಿನಲ್ಲಿ ಹೀಗಿದೆ" ಎಂದು ಏನನ್ನೋ ಗುಡುಗುವ ಚಟವಿತ್ತು. ತೀರ್ಪುಗಾರರು ತಲೆದೂಗುತ್ತಿದ್ದರು. ಅವನು ಬಿಡುವುದು ಬುರುಡೆ ಎಂದು ನನಗೆ ಗುಮಾನಿ. ಆದರೆ ಗುಮಾನಿಗೆ ಯಾರೂ ಅಂಕ ಕೊಡುವುದಿಲ್ಲ. ಸಂಜೆ ಕ್ಲಾಸಿಗೆ ಸೇರಿದೆ. ಕೆಲವೇ ತಿಂಗಳಲ್ಲಿ ತಿಳಿಯಿತು: ಅವನು ಗುಡುಗುತ್ತಿದ್ದದ್ದು "ಇದು ಮೇಜು, ಮೇಜಿನ ಮೇಲೆ ದೀಪವಿದೆ" ಎಂಬ ಮೊದಲನೇ ಪಾಠ. ಅದನ್ನು ಮುಂದಿನ ಸ್ಪರ್ಧೆಯ ವೇದಿಕೆಯಲ್ಲೇ ಬಿಡಿಸಿ ಹೇಳಿದೆ. ಪಾರಿತೋಷಕ ನನ್ನದಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಹಿಡಿದದ್ದನ್ನು ಬಿಡುವ ಜಾಯಮಾನ ನನ್ನದಲ್ಲ, ಕಲಿಯುತ್ತಲೇ ಹೋದೆ.

ಆ ಭಾಷೆ ನನ್ನನ್ನು ಕೆಲಸಕ್ಕೆ ಹಚ್ಚಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಎಂ.ಎಸ್. ಓದಲು ಬಂದು ಕ್ಯುಪರ್ಟಿನೋದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಚಿಕ್ಕಪ್ಪ ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು. ಚಿಕ್ಕಮ್ಮ ಹಾಸನದಿಂದ ಸಮುದ್ರ ದಾಟಿ ಬಂದರೂ ಮುಸುರೆಯನ್ನು ಮಾತ್ರ ಬಿಟ್ಟು ಬಂದಿರಲಿಲ್ಲ. ಅನ್ನ ಮುಟ್ಟಿದ ಕೈಯಲ್ಲಿ ಹಾಲು, ಮೊಸರು, ಉಪ್ಪಿನಕಾಯಿ ಮುಟ್ಟಬಾರದು. ಮುಟ್ಟಿದರೆ ಆ ಪಾತ್ರೆ ಕೆಟ್ಟಿತು. ವಾದ ಮಾಡದೆ ನನಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ.

"ಡಿಶ್‌ವಾಷರಲ್ಲಿ ಅನ್ನದ್ದೂ ಮೊಸರಿಂದೂ ಒಟ್ಟಿಗೇ ಹಾಕ್ತೀರಲ್ಲ ಚಿಕ್ಕಮ್ಮ, ಆಗ ಮುಸುರೆ ಎಲ್ಲಿಗೆ ಹೋಗುತ್ತೆ?"

"ಪೈಪಿಗೆ ಹೋಗುತ್ತೆ. ನಿನ್ನ ಬಾಯಿಗೂ ಒಂದು ಪೈಪ್ ಹಾಕಿಸ್ಬೇಕು, ಬಂದಿದ್ದೆಲ್ಲ ನೇರವಾಗಿ ಚರಂಡಿಗೆ ಹೋಗ್ಲಿ."

ಚಿಕ್ಕಪ್ಪ ಪತ್ರಿಕೆಯ ಹಿಂದೆ ನಗುತ್ತಿದ್ದರು. ಆ ಮನೆಯಲ್ಲಿ ನಾನು ಗೆಲ್ಲದ ಏಕೈಕ ಪ್ರತಿಸ್ಪರ್ಧಿ ಚಿಕ್ಕಮ್ಮ.

ವಿಶ್ವವಿದ್ಯಾಲಯದ ಫಲಕದಲ್ಲಿ ಒಂದು ದಿನ ರಷ್ಯನ್ ಬಲ್ಲವರು ಬೇಕೆಂಬ ಚೀಟಿ ಕಂಡಿತು. ಸೋವಿಯತ್ ದೇಶದಿಂದ ಯಹೂದಿ ಕುಟುಂಬಗಳನ್ನು ಬಿಡತೊಡಗಿದ್ದ ಕಾಲ ಅದು. ಹೊರಟವರು ಇಟಲಿಯ ಒಂದು ಕಡಲತೀರದ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ಅಮೆರಿಕದ ಅನುಮತಿಗಾಗಿ ಕಾಯಬೇಕು. ಇಲ್ಲಿ ಯಾರಾದರೂ ನಮ್ಮ ಹೊಣೆ ಎಂದು ಮುಂದೆ ಬಂದರೆ ವಿಮಾನ ಹತ್ತಬಹುದು. ನಮ್ಮ ಕಡೆಯ ಮೂರು ಸಿನಗಾಗ್‌ಗಳು, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳು, ಒಟ್ಟುಗೂಡಿ ಆ ಹೊಣೆ ಹೊತ್ತಿದ್ದವು. ಒಂದು ಕಟ್ಟಾ ಆಚಾರದವರದು, ಒಂದು ಉದಾರಿಗಳದು, ಒಂದು ನಡುವಿನವರದು. ಒಬ್ಬರ ಪ್ರಾರ್ಥನೆ ಇನ್ನೊಬ್ಬರ ಕಿವಿಗೆ ಅಪಸ್ವರ. ಮೊದಲ ಸಭೆಯಲ್ಲಿ, ಆರಂಭದ ಪ್ರಾರ್ಥನೆಯನ್ನು ಹೆಂಗಸು ಹೇಳಬಹುದೋ ಬಾರದೋ ಎಂಬುದರಲ್ಲೇ ಒಕ್ಕೂಟ ಮುರಿದುಬೀಳುವುದರಲ್ಲಿತ್ತು. ಕೊನೆಗೆ ಪ್ರಾರ್ಥನೆಯೇ ಬೇಡ, ಕಾಫಿಯಿಂದ ಆರಂಭಿಸೋಣ ಎಂದು ತೀರ್ಮಾನವಾಯಿತು.

ಚಿಕ್ಕಮ್ಮನಿಗೆ ಇದನ್ನು ವಿವರಿಸಿದೆ: ಸ್ಮಾರ್ತರು, ಮಾಧ್ವರು, ಶ್ರೀವೈಷ್ಣವರು ಸೇರಿ ಒಂದು ಮನೆ ಹೂಡಿಕೊಡುತ್ತಿದ್ದಾರೆ ಅಂದುಕೊಳ್ಳಿ ಎಂದೆ.

"ಅಡುಗೆಮನೆ ಯಾರ ವಶ?"

"ಆಚಾರದವರದು."

"ಹಾಗಿದ್ರೆ ಒಗ್ಗರಣೆ ಸಿಡಿಯೋ ಹೊತ್ತಿಗೆ ಜಗಳ. ಹೋಗು, ನೋಡ್ಕೊಂಡು ಬಾ, ನಿನಗೆ ಇಷ್ಟವಾದ ಊಟ ಅದೇ ತಾನೆ."

ಅವರ ಕೆಲಸದ ರೀತಿಯೇ ಹಾಗಿತ್ತು. ಯಾರಿಗೂ ಕಡಿಮೆ ಅನ್ನಿಸಬಾರದೆಂದು ಕೋಣೆಗೊಂದು ಮಂದಿರ ಹಂಚಿಕೊಂಡಿದ್ದರು. ಮಲಗುವ ಕೋಣೆಗಳ ಮಂಚ, ಹಾಸಿಗೆ, ದಿಂಬು ಉದಾರಿಗಳದು. ನಡುಮನೆಯ ಸೋಫಾ, ದೀಪ, ಟೀವಿ ನಡುವಿನವರದು. ಅಡುಗೆಮನೆ ಆಚಾರದವರದು, ಬೇರೆಯವರು ಹೂಡಿದ ಅಡುಗೆಮನೆಯಲ್ಲಿ ಇವರು ನೀರೂ ಕುಡಿಯುವುದಿಲ್ಲ, ಇವರು ಹೂಡಿದ್ದರಲ್ಲಿ ಎಲ್ಲರೂ ಉಣ್ಣಬಹುದು. ತರ್ಕ ಸರಿಯಾಗಿಯೇ ಇತ್ತು. ನಾನು ತಪ್ಪು ಹುಡುಕಿ ಸೋತೆ.

ಮನೆಯೂ ಆಚಾರದ ಮಂದಿರದ ಒಬ್ಬ ಮುದುಕರದೇ. ಅವರ ತಾಯಿ ಬದುಕಿ ಬಾಳಿ ಸತ್ತ ನೆಲಮಹಡಿಯ ಮನೆ. ಬೀದಿಗೆ ತೆರೆಯುವ ಬಾಗಿಲು, ಬಾಗಿಲ ಪಕ್ಕ ಒಂದು ಜಗುಲಿಯಂಥದ್ದು. ಬಾಡಿಗೆ ಹೆಸರಿಗಷ್ಟೇ. ಒಂದೇ ಷರತ್ತು: ಅಮ್ಮನ ಅಡುಗೆಮನೆ ಅಮ್ಮ ಇಟ್ಟ ಹಾಗೇ ಕೋಷರ್ ಆಗಿರಬೇಕು. ಅಂದರೆ ಮಾಂಸಕ್ಕೊಂದು ಪಾತ್ರೆ, ಹಾಲು ಬೆಣ್ಣೆ ಚೀಸಿಗೊಂದು ಪಾತ್ರೆ. ಎರಡೂ ಒಂದು ತಟ್ಟೆಯಲ್ಲಿ, ಒಂದು ಬಾಯಲ್ಲಿ ಸೇರಬಾರದು. ಗುರುತಿಗೆ ಪ್ರತಿ ಪಾತ್ರೆ, ಸೌಟು, ಕಪಾಟಿನ ಬಾಗಿಲಿಗೂ ಬಣ್ಣದ ಬೊಟ್ಟು ಅಂಟಿಸಿದ್ದರು. ಮಾಂಸಕ್ಕೆ ಕೆಂಪು, ಹಾಲಿಗೆ ನೀಲಿ.

ಮುದುಕರ ಹೆಂಡತಿ ಇದನ್ನೆಲ್ಲ ತೋರಿಸುತ್ತಿದ್ದಾಗ ನಾನು ಗೊಳ್ಳೆಂದು ನಕ್ಕುಬಿಟ್ಟೆ. ಆಕೆ ಮುಖ ಸಿಂಡರಿಸಿದರು. "ಇಲ್ಲ ಇಲ್ಲ, ನಮ್ಮ ಚಿಕ್ಕಮ್ಮ ನೆನಪಾದರು" ಅಂದೆ. ಎಂಟೊಂಬತ್ತು ಸಾವಿರ ಮೈಲಿ ಓಡಿ ಬಂದರೆ ಮುಸುರೆ ನನಗಿಂತ ಮೊದಲೇ ಬಂದು ಬೊಟ್ಟಿಟ್ಟುಕೊಂಡು ಕೂತಿತ್ತು.

ಬಂದ ಕುಟುಂಬ ಒಡೆಸ್ಸಾದ್ದು. ಮಂಡಿ ಹಿಡಿದುಕೊಂಡ ಒಬ್ಬ ವೃದ್ಧ ತಾಯಿ, ಅವರ ಮಗಳು, ಅಳಿಯ. ಮಗಳು ಅಲ್ಲಿ ರೇಖಾಗಣಿತದ ಮೇಷ್ಟ್ರು. ಮೊದಲ ದಿನವೇ ನನಗೆ ಗೊತ್ತಾಯಿತು, ಈಕೆ ನನ್ನ ಜಾತಿ. ಬೊಟ್ಟುಗಳ ವಿವರಣೆ ಮುಗಿದ ಮೇಲೆ ಆಕೆ ಕೇಳಿದ್ದು:

"ದೇವರನ್ನ ನಂಬಬೇಕಾ, ಬೊಟ್ಟನ್ನ ಮಾತ್ರ ನಂಬಿದರೆ ಸಾಕಾ?"

ನಾನು ಇಂಗ್ಲಿಷಿಗೆ ತಂದೆ. ಮನೆಯ ಒಡೆಯರಾದ ಮುದುಕರು ಗಂಭೀರವಾಗಿ ಹೇಳಿದರು: "ಬೊಟ್ಟಿನಿಂದ ಶುರು ಮಾಡಲಿ."

"ಸರಿ" ಅಂದಳು ಮಗಳು. "ಇದಕ್ಕಿಂತ ಪೆದ್ದು ನಿಯಮಗಳನ್ನ ಜೀವಮಾನವೆಲ್ಲ ಪಾಲಿಸಿದ್ದೀನಿ. ಇದರಲ್ಲಿ ಕೊನೇಪಕ್ಷ ಬಣ್ಣ ಇದೆ." 'ಸರಿ' ಒಂದನ್ನು ಬಿಟ್ಟು ಉಳಿದದ್ದನ್ನು ಅನುವಾದಿಸಬೇಡ ಎಂದು ಕಣ್ಣಲ್ಲೇ ಹೇಳಿದಳು.

ನಂಬದವಳು ನಂಬಿದವರಿಗಿಂತ ಚೊಕ್ಕಟವಾಗಿ ಅದನ್ನು ಪಾಲಿಸಿದಳು. ಪ್ರಮೇಯ ಸಾಧಿಸುವ ಹಾಗೆ. ಅಳಿಯ ಒಮ್ಮೆ ನೀಲಿ ಚಾಕು ತೆಗೆದುಕೊಂಡು ಕೋಳಿಯ ಕಡೆ ತಿರುಗಿದ್ದಕ್ಕೆ ಆತನ ಕೈಗೇ ಒಂದು ಏಟು ಬಿತ್ತು. ವಾರಕ್ಕೊಮ್ಮೆ ಒಡೆಯ ದಂಪತಿ ಬಂದು ಆ ಅಡುಗೆಮನೆಯ ಮೇಜಿಗೆ ಕೂತು ಊಟ ಮಾಡಿ ಹೋಗುತ್ತಿದ್ದರು. ಮುದುಕರು ಸೂಪು ಕುಡಿಯುತ್ತ ಗೋಡೆ ನೋಡುತ್ತಿದ್ದರು. ಆ ನೋಟವನ್ನು ಯಾರೂ ಅನುವಾದಿಸಬೇಕಾಗಿರಲಿಲ್ಲ.

ಆದರೆ ಆ ಮನೆಯ ಎಲ್ಲ ಮಾತೂ ಒಬ್ಬನಲ್ಲಿಗೆ ಹೋಗಿ ನಿಲ್ಲುತ್ತಿತ್ತು: ತಾಯಿಗೆ ಮಗ, ಮಗಳಿಗೆ ತಮ್ಮ. ಹೆಂಡತಿ ಮಕ್ಕಳೊಂದಿಗೆ ಅವನು ಇನ್ನೂ ಇಟಲಿಯ ಆ ಕಡಲೂರಿನಲ್ಲಿ ಕಾಯುತ್ತಿದ್ದ. ಮುಂದಿನ ಸರದಿ ಅವನ ಕುಟುಂಬದ್ದೇ ಎಂದು ಒಕ್ಕೂಟ ಮಾತು ಕೊಟ್ಟಿತ್ತು. ತಾಯಿ ಬೆಳಿಗ್ಗೆ ಕಾಫಿಯಾದ ಕೂಡಲೇ ಕೋಲೂರಿಕೊಂಡು ಜಗುಲಿಗೆ ಬಂದು, ಸೂರ್ಯಕಾಂತಿ ಬೀಜ ಬಿಡಿಸುತ್ತ, ಅಂಚೆಯವನಿಂದ ಹಿಡಿದು ನಾಯಿ ಅಡ್ಡಾಡಿಸುವವರವರೆಗೆ ಎಲ್ಲರನ್ನೂ ರಷ್ಯನ್ನಿನಲ್ಲಿ ಮಾತಾಡಿಸುತ್ತಿದ್ದರು. ನನ್ನನ್ನು ಕಂಡರೆ ಒಂದೇ ಪ್ರಶ್ನೆ.

"ಮಗಳೇ, ನನ್ನ ಹುಡುಗ ಬಂದರೆ ಈ ಕಡೆಯಿಂದ ಬರ್ತಾನೋ, ಆ ಕಡೆಯಿಂದಲೋ?"

"ಫ್ರೀವೇಯಿಂದ ಆದರೆ ಈ ಕಡೆಯಿಂದ ಅಜ್ಜಿ."

ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಉದಾರಿ ಮಂದಿರದ ಹೆಂಗಸರು ಈ ಕುಟುಂಬಕ್ಕೆ ಸ್ವಾಗತದೂಟ ತಂದರು. ಮುಂದಾಳು ಒಬ್ಬ ದೊಡ್ಡ ಕನ್ನಡಕದ, ದೊಡ್ಡ ಮಣಿಸರದ, ದೊಡ್ಡ ಮನಸ್ಸಿನ ಹೆಂಗಸು. ದೊಡ್ಡ ಮನಸ್ಸು ಅಂದದ್ದು ವ್ಯಂಗ್ಯಕ್ಕಲ್ಲ. ಮಂಚಗಳನ್ನು ತನ್ನ ವ್ಯಾನಿನಲ್ಲಿ ಹೇರಿಕೊಂಡು ಬಂದವಳು, ತಾಯಿಗೆ ಮಂಡಿಯ ವೈದ್ಯರನ್ನು ಹುಡುಕಿದವಳು ಅವಳೇ. ಆ ದಿನ ತಂದದ್ದು ಲಸಾನ್ಯ. ಪದರ ಪದರವಾಗಿ ಹಿಟ್ಟಿನ ಹಾಳೆ, ಟೊಮೇಟೊ, ಮೇಲೆ ಕರಗಿದ ಚೀಸು. ದೊಡ್ಡ ಗಾಜಿನ ಪಾತ್ರೆ ಸಮೇತ ಒಲೆಯ ಓವನ್ನಿನೊಳಗೆ ಬಿಸಿಗಿಟ್ಟಳು. ಅದು ಕುದಿದು, ಉಕ್ಕಿ, ಒಲೆಯ ತಳಕ್ಕೆ ಸುರಿಯಿತು. ಮನೆಯೆಲ್ಲ ಘಮಘಮ.

ಸಸ್ಯಾಹಾರಿಗಳಿಗೆ ಎಲ್ಲಿ ಹೋದರೂ ಬಾಯಿಗೆ ಬರುವ ಪ್ರಶ್ನೆಯನ್ನು ನಾನು ಕೇಳಿದೆ.

"ಇದರಲ್ಲಿ ಮಾಂಸ ಇದೆಯಾ?"

"ಕೆಳಗಿನ ಪದರದಲ್ಲಿ ಮಾತ್ರ, ಡಾರ್ಲಿಂಗ್. ನೀನು ಮೇಲಿನಿಂದ ತೆಗೆದುಕೋ, ಬರೀ ಚೀಸು."

ಮಗಳು ನನ್ನ ಮೊಣಕೈ ಹಿಡಿದಳು. "ಏನಂದಳು?" ಹೇಳಿದೆ. ಅವಳು ಒಲೆಯ ಕಡೆ ನೋಡಿದಳು, ಕಪಾಟಿನ ಬೊಟ್ಟುಗಳ ಕಡೆ ನೋಡಿದಳು. "ಹಾಗಾದರೆ ಇದು ಕೆಂಪೋ ನೀಲಿಯೋ?"

"ಎರಡೂ."

"ಎರಡೂ ಆಗೋದು ಸಾಧ್ಯವಿಲ್ಲ."

"ಹೇಳಲಾ ಅವಳಿಗೆ?"

"ಬೇಡ ಬೇಡ. ಅವರು ಹುಟ್ಟಾ ಯಹೂದಿಗಳು, ಇಲ್ಲೇ ಬೆಳೆದವರು. ಬೊಟ್ಟಿಟ್ಟವರೂ ಅವರೇ, ಅಳಿಸುವವರೂ ಅವರೇ. ನಮಗೆ ತಿಳಿಯದ ಒಂದು ವಿನಾಯಿತಿ ಇರಬಹುದು."

ವಿನಾಯಿತಿ ಇರಲಿಲ್ಲ. ಇದ್ದದ್ದು ಇಷ್ಟೇ: ಉದಾರಿಗಳ ಮನೆಯಲ್ಲಿ ಈ ನಿಯಮವೇ ಇಲ್ಲ. ಅವರ ಅಜ್ಜಿಯರು ಅದನ್ನು ಬಿಟ್ಟು ತಲೆಮಾರುಗಳಾದವು. ಒಂದು ಅಡುಗೆಮನೆಯಲ್ಲಿ ಅದು ಜೀವಂತವಾಗಿದೆ ಎಂಬುದು ಆ ಹೆಂಗಸಿನ ತಲೆಗೆ ಹೊಳೆಯಲೇ ಇಲ್ಲ. ಹೊರಗಿನವಳಾದ ನನಗೆ ಕಾಣುತ್ತಿದ್ದ ಬೊಟ್ಟು ಅವಳಿಗೆ ಕಾಣಲಿಲ್ಲ. ಹೊರಡುವಾಗ ತನ್ನ ಗಾಜಿನ ಪಾತ್ರೆ ಬೇಕಾಗಿ, ಉಳಿದದ್ದನ್ನು ಕೈಗೆ ಸಿಕ್ಕ ಪಿಂಗಾಣಿ ಡಬ್ಬಿಗೆ ತಾನೇ ಬಗ್ಗಿಸಿ ಫ್ರಿಜ್ಜಿಗಿಟ್ಟು, ಎಲ್ಲರ ಕೆನ್ನೆಗೂ ಮುತ್ತಿಟ್ಟು ಹೋದಳು. ಡಬ್ಬಿಯ ಮುಚ್ಚಳದ ಮೇಲೆ ನೀಲಿ ಬೊಟ್ಟು.

ಮರುದಿನ ಮನೆಯ ಒಡೆಯರು ನಲ್ಲಿ ಸರಿ ಮಾಡಲು ಬಂದರು. ಯಾರೋ ಕಾಫಿಗೆ ಹಾಲು ತೆಗೆಯಲೆಂದು ಫ್ರಿಜ್ಜು ತೆರೆದರು. ಆ ಡಬ್ಬಿ, ಆಮೇಲೆ ಒಲೆಯ ತಳದಲ್ಲಿ ಸೀದು ಹತ್ತಿದ ಚೀಸು, ಅದರೊಳಗೆ ಮಾಂಸದ ಚೂರು. ಮುದುಕರು ನಲ್ಲಿಯ ಕೆಲಸ ಪೂರ್ತಿ ಮುಗಿಸಿ, ನೀರು ಸೋರುವುದಿಲ್ಲವೆಂದು ತಿರುಗಿಸಿ ನೋಡಿ, ಆ ಡಬ್ಬಿ ಎತ್ತಿಕೊಂಡು, ಕಾಫಿ ಕುಡಿಯದೆ ಹೊರಟುಹೋದರಂತೆ. ಆ ವಾರ ಊಟಕ್ಕೆ ಬರಲಿಲ್ಲ. ಬದಲಿಗೆ ಒಕ್ಕೂಟದ ಸಭೆ ಕರೆದಿದ್ದಾರೆ ಎಂಬ ಸುದ್ದಿ ಬಂತು.

ನಾನು ಹಿಗ್ಗಿದೆ. ನಿಜ ಹೇಳುತ್ತೇನೆ, ಹಿಗ್ಗಿದೆ. ಇಷ್ಟು ಸ್ಪಷ್ಟವಾದ ಪಕ್ಷ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಸಾಕ್ಷಿ ನಾನೇ, ಕೆಳಗಿನ ಪದರದ ಬಗ್ಗೆ ಅವಳ ಬಾಯಿಂದಲೇ ಕೇಳಿದವಳು. ವಿಷಯ ಮಂಡನೆ, ಪೂರ್ವಪಕ್ಷ, ಖಂಡನೆ ಎಲ್ಲ ಸಿದ್ಧ ಮಾಡಿಕೊಂಡು ಚಿಕ್ಕಪ್ಪನ ಕಾರಿನಲ್ಲಿ ಮಗಳನ್ನು ಸಭೆಗೆ ಕರೆದೊಯ್ಯಲು ಹೋದೆ. ಅವಳು ಕಾರು ಹತ್ತಿದವಳು ಬಾಗಿಲು ಹಾಕಿಕೊಳ್ಳಲಿಲ್ಲ.

"ನೀನು ಅಲ್ಲಿ ಲಸಾನ್ಯದ ಹೆಂಗಸಿನ ವಿಷಯ ಎತ್ತಬಾರದು."

"ಯಾಕೆ? ತಪ್ಪು ನಿಮ್ಮದಲ್ಲ!"

"ನಾನು ತಪ್ಪು ಯಾರದ್ದು ಅಂತ ಕೇಳ್ತಿಲ್ಲ. ನನ್ನ ತಮ್ಮನನ್ನ ಕರೆಸೋರು ಯಾರು?"

"ಒಕ್ಕೂಟ."

"ಒಕ್ಕೂಟ ಅಂದರೆ ಮೂರು ರೇಖೆ. ಒಂದು ರೇಖೆ ತೆಗೆದರೆ ತ್ರಿಕೋನ ಉಳಿಯುತ್ತಾ? ಎಲ್ಲರ ಎದುರು ಆ ಹೆಂಗಸಿಗೆ ಅವಮಾನ ಆದರೆ ಅವಳ ಮಂದಿರ ಎದ್ದು ಹೋಗುತ್ತೆ. ಇವರು ಪ್ರಾರ್ಥನೆಗೇ ಮುರ್ಕೊಳ್ಳೋಕೆ ಹೊರಟಿದ್ದವರು ಅಂತ ನೀನೇ ಹೇಳಿ ನಗ್ತಿದ್ದೆ."

"ಆದರೆ ಇದು ಸುಳ್ಳು. ನೀವು ನಿರಪರಾಧಿ ಅಂತ ನಾನು ಐದೇ ನಿಮಿಷದಲ್ಲಿ ಸಾಧಿಸಿ ತೋರಿಸ್ತೀನಿ."

"ಸಾಧಿಸು. ಆಮೇಲೆ? ನಾನು ನಿರಪರಾಧಿ, ನನ್ನ ತಮ್ಮ ಇಟಲಿಯಲ್ಲಿ, ಅಮ್ಮ ಜಗುಲಿಯಲ್ಲಿ. ಬಹುಮಾನ ನಿನಗೆ." ಆಮೇಲೆ ಸ್ವಲ್ಪ ಮೆತ್ತಗೆ: "ನೀನು ನಾನು ಹೇಳಿದ್ದನ್ನ ಹೇಳು. ಅಷ್ಟೇ ನಿನ್ನ ಕೆಲಸ."

ಬಾಗಿಲು ಹಾಕಿಕೊಂಡಳು. ದಾರಿಯುದ್ದಕ್ಕೂ ಖಂಡನೆಗಳು ನನ್ನ ಗಂಟಲಲ್ಲಿ ಸಾಲುಗಟ್ಟಿ ನಿಂತಿದ್ದವು, ಟಿಕೆಟ್ ಕೌಂಟರು ಮುಚ್ಚಿದ ಮೇಲೂ ಕದಲದ ಜನರ ಹಾಗೆ.

ಸಭೆ ನಡುವಿನ ಮಂದಿರದ ತರಗತಿಯೊಂದರಲ್ಲಿ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ದೊಡ್ಡವರು ಮಂಡಿ ಮೇಲೆ ಮಾಡಿಕೊಂಡು ಕೂತಿದ್ದರು. ಲಸಾನ್ಯದ ಹೆಂಗಸು ನನ್ನ ಎದುರಿಗೇ ಇದ್ದಳು. ಕಂಡು ಕಣ್ಣು ಮಿಟುಕಿಸಿದಳು. ಮುದುಕರು ಕೋಪದಿಂದ ಮಾತಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಮೆಲ್ಲಗೆ ಮಾತಾಡಿದರು.

"ಒಲೆಯನ್ನ ನಾನು ಬೆಂಕಿಯಲ್ಲಿ ಸುಟ್ಟು ಶುದ್ಧ ಮಾಡಬಹುದು. ಪಿಂಗಾಣಿ ಆಗಲ್ಲ, ಒಡೆದು ಹಾಕಿದೆ. ಅಮ್ಮನ ಪಾತ್ರೆ. ಹೋಗಲಿ. ಆದರೆ ಪ್ರತಿ ವಾರ ಸುಡುತ್ತ ಕೂರೋಕಾಗಲ್ಲ. ಇವರನ್ನ ಬೈಯೋಕೆ ನಾನು ಬಂದಿಲ್ಲ. ನನಗೊಂದು ಗೊತ್ತಾಗಬೇಕು, ಅಷ್ಟೇ. ಆ ಅಡುಗೆ ಬೇಯಿಸಿದ್ದು ಯಾರು?"

ನಾನು ರಷ್ಯನ್ನಿನಲ್ಲಿ ಕೇಳಿದೆ. ಅವಳು ತಕ್ಷಣ, ಬೆನ್ನು ನೆಟ್ಟಗೆ ಮಾಡಿಕೊಂಡು, ಹೇಳಿದಳು:

"ಯಾ."

ರಷ್ಯನ್ನಿನಲ್ಲಿ 'ಯಾ' ಎಂದರೆ 'ನಾನು'. ಕನ್ನಡದ 'ಯಾರು' ಎಂಬ ಪ್ರಶ್ನೆಯ ಮೊದಲಕ್ಷರವೇ ಅಲ್ಲಿ ಉತ್ತರ. ಸಂಜೆ ಕ್ಲಾಸಿನಲ್ಲಿ ಇದನ್ನು ಕಂಡುಕೊಂಡು ನಾನು ಗೆಳತಿಯರಿಗೆಲ್ಲ ಹೇಳಿ ಕುಣಿದಿದ್ದೆ: "ಯಾರು ಅಂತ ಕೇಳಿದ್ರೆ ಅರ್ಧದಲ್ಲೇ ತಪ್ಪೊಪ್ಪಿಕೊಳ್ಳೋ ಭಾಷೆ ಕಣ್ರೇ ಇದು!"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ದುಭಾಷಿಯ ಕಟ್ಟಳೆ ಒಂದಿದೆ: 'ಅವಳು ಹೀಗೆ ಅನ್ನುತ್ತಾಳೆ' ಎನ್ನಬಾರದು, ಅವಳಾಗಿಯೇ ಹೇಳಬೇಕು. ಚರ್ಚಾಸ್ಪರ್ಧೆಯಲ್ಲಿ ಇದೇ ವಿದ್ಯೆ. ಚೀಟಿ ಎತ್ತಿ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ನಂಬದಿರುವುದನ್ನು ನಂಬಿದವರಿಗಿಂತ ಗಟ್ಟಿಯಾಗಿ ಹೇಳಿ ನಾನು ಕಪಾಟು ತುಂಬ ಪಾರಿತೋಷಕ ಗೆದ್ದಿದ್ದೆ. ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟದ ನಾನು ಆ ಸಭೆಗೆ ಹೇಳಿದೆ:

"ನಾನು. ಮಾಂಸವನ್ನೂ ಚೀಸನ್ನೂ ಸೇರಿಸಿ ನಾನೇ ಬೇಯಿಸಿದೆ."

ಅವಳು ಹೇಳಿದ್ದು ಒಂದಕ್ಷರ. ಬಾಕಿಯದನ್ನು ಸೇರಿಸಿದವಳು ನಾನು. ಎದುರಿನ ಹೆಂಗಸಿಗೆ ಕೇಳಲಿ ಎಂದೇ ಬಿಡಿಸಿ ಬಿಡಿಸಿ ಹೇಳಿದೆ. ಅವಳ ಕೈ ಮಣಿಸರದ ಮೇಲಿತ್ತು. ಒಂದು ಮಣಿಯನ್ನು ಹಿಡಿದುಕೊಂಡಿತು, ಬಿಟ್ಟಿತು. ಅಷ್ಟೇ ನಾನು ಕಂಡದ್ದು. ಅದರಿಂದ ಏನನ್ನೂ ಸಾಧಿಸಲಾಗುವುದಿಲ್ಲ. ಆಮೇಲೆ ಅವಳು ಮುಂದೆ ಬಾಗಿ, ನಿಜವಾದ ಕನಿಕರದಿಂದ ಹೇಳಿದಳು:

"ಪಾಪ, ಅವರಿಗೆ ಯಾರು ಕಲಿಸಿದ್ದರು? ತಪ್ಪು ನಮ್ಮೆಲ್ಲರದೂ ಕೂಡ. ಮುಂದಿನ ಕುಟುಂಬಕ್ಕೆ ಮೊದಲೇ ಒಂದು ತರಗತಿ ಇಡೋಣ."

"ಏನಂದಳು?" ಎಂದಳು ಮಗಳು. ಹೇಳಿದೆ. "ಮುಂದಿನ ಕುಟುಂಬ ಅಂದಳಾ?" ಅಂದಳು. ಅವಳ ಮುಖದಲ್ಲಿ ಬೆಳಕು ಬಂತು. ಆ ಬೆಳಕನ್ನು ನೋಡಲಾರದೆ ನಾನು ಗೋಡೆಗೆ ಅಂಟಿಸಿದ್ದ ಮಕ್ಕಳ ಚಿತ್ರಗಳನ್ನು ನೋಡಿದೆ.

ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಡೆಯರು ತಮ್ಮ ಮನೆ ಹಿಂದಕ್ಕೆ ಪಡೆಯುವುದು. ಕುಟುಂಬಕ್ಕೆ ಬೇರೆ ಅಪಾರ್ಟ್‌ಮೆಂಟು ಹುಡುಕುವುದು, ಅಲ್ಲಿ ಬೊಟ್ಟುಗಳ ಬಲವಂತ ಬೇಡ. ಇಟಲಿಯಲ್ಲಿರುವ ತಮ್ಮನ ಕುಟುಂಬವನ್ನು ಕರೆಸುವ ಕೆಲಸ ಮೊದಲಿನಂತೆ ಮೂವರೂ ಸೇರಿ ಮುಂದುವರಿಸುವುದು. ಕೈಗಳು ಒಟ್ಟಿಗೇ ಮೇಲೆದ್ದವು. ಒಕ್ಕೂಟ ಹುಟ್ಟಿದ ಮೇಲೆ ಮೂರು ಮಂದಿರಗಳೂ ಒಂದು ಅಪಸ್ವರವಿಲ್ಲದೆ ಒಪ್ಪಿದ ಮೊದಲ ನಿರ್ಣಯ ಇದು ಎಂದು ಅಧ್ಯಕ್ಷತೆ ವಹಿಸಿದ್ದವರು ಹೇಳಿದರು. ಯಾರೋ ಚಪ್ಪಾಳೆ ತಟ್ಟಿದರು.

ಸಿಕ್ಕ ಮನೆ ಬೆರ್ರಿಯೆಸಾ ಎಂಬ ಬಡಾವಣೆಯಲ್ಲಿ, ಎರಡನೆಯ ಮಹಡಿ, ಲಿಫ್ಟಿಲ್ಲ. ನೆಲಮಹಡಿಯದು ಎಲ್ಲೂ ಖಾಲಿ ಇರಲಿಲ್ಲ, ಅಥವಾ ಅವರ ಕೈಗೆಟುಕುವುದು ಇರಲಿಲ್ಲ. ತಾಯಿಯ ಕುರ್ಚಿಯನ್ನು ಮೆಟ್ಟಿಲ ಮೇಲೆ ಹೊತ್ತವರು ಹಳೆಯ ಮನೆಯ ಮುದುಕರೇ. ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಾಗ ನನಗೆ ಹೇಳಿದರು:

"ನೀವು ನನ್ನ ಮೇಲೆ ಸಿಟ್ಟಾಗಿದ್ದೀರಿ."

"ನನಗೆ ಅಭಿಪ್ರಾಯವಿಲ್ಲ. ನಾನು ಬರೀ ಅನುವಾದಕಿ."

"ಅದು ಸುಳ್ಳು" ಅಂದರು ಮುದುಕರು. ಕುರ್ಚಿ ಎತ್ತಿಕೊಂಡರು.

ತಾಯಿಯನ್ನು ಅಳಿಯ ಬೆನ್ನ ಮೇಲೆ ಹೊತ್ತು ಹತ್ತಿಸಿದ. ಅದಾದ ಮೇಲೆ ಅವರು ಕೆಳಗಿಳಿಯಲಿಲ್ಲ. ಹೊಸ ಮನೆಯ ಕಿಟಕಿ ಪಾರ್ಕಿಂಗಿಗೆ ತೆರೆಯುತ್ತಿತ್ತು. ಅಲ್ಲಿಂದ ಬೀದಿಯ ಯಾವ ಕಡೆಯೂ ಕಾಣುತ್ತಿರಲಿಲ್ಲ. ನಾನು ಹೋದಾಗ ಅವರು ಯಾವ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ಆ ಯುಗಾದಿಗೆ ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿದ್ದೆವು. ಮಂಡ್ಯದ ಒಬ್ಬರು, ಚಿಕ್ಕಪ್ಪನ ಸಹೋದ್ಯೋಗಿ, ನಾನು ಯಹೂದಿಗಳ ಕಡೆ ಕೆಲಸ ಮಾಡುತ್ತಿರುವುದನ್ನು ಕೇಳಿ ಒಬ್ಬಟ್ಟಿನ ತಟ್ಟೆ ಹಿಡಿದೇ ಭಾಷಣ ಶುರು ಮಾಡಿದರು.

"ನೋಡಿಮ್ಮ, ಅವರಲ್ಲಿ ಒಗ್ಗಟ್ಟು ಅಂದ್ರೆ ಒಗ್ಗಟ್ಟು. ಎಲ್ಲಿಂದಲೋ ಬಂದವ್ರಿಗೆ ಮನೆ, ಮಂಚ, ಕೆಲ್ಸ. ನಮ್ಮಲ್ಲಿ? ಒಂದು ಮೈಕ್ ಹಿಡಿಯೋಕೆ ಮೂರು ಗುಂಪು. ಆ ಒಗ್ಗಟ್ಟು ನಮಗೆ ಯಾವಾಗ ಬರುತ್ತೋ!"

"ಬರೋದು ಬೇಡ ಬಿಡಿ ಸಾರ್" ಅಂದೆ.

"ಹಂಗ್ಯಾಕಂತೀರಿ?"

ಅಪರೂಪಕ್ಕೆ ನಾನು ವಾದ ಮುಂದುವರಿಸಲಿಲ್ಲ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮನೆ ಕೊಟ್ಟಿದ್ದರು, ಮಂಚ ಕೊಟ್ಟಿದ್ದರು. ಮನೆಗೆ ಬಂದು ಚಿಕ್ಕಮ್ಮನಿಗೆ ಮಾತ್ರ ಇಡೀ ಕತೆ ಒಪ್ಪಿಸಿದೆ. ಅವರು ಕೇಳಿದ್ದು ನಾನು ನಿರೀಕ್ಷಿಸಿದ್ದನ್ನಲ್ಲ.

"ಆ ಕನ್ನಡಕದೋಳಿಗೆ ಗೊತ್ತಾಯ್ತೋ ಇಲ್ವೋ?"

"ಗೊತ್ತಿಲ್ಲ ಚಿಕ್ಕಮ್ಮ."

"ಮುಸುರೆ ಅಂಟಿದ್ದು ಅಂಟಿಸ್ದೋರಿಗೆ ಗೊತ್ತಾಗ್ದೆ ಇರಲ್ಲ ಕಣೆ." ಹಾಲಿನ ಪಾತ್ರೆಯ ಮುಚ್ಚಳ ಮುಚ್ಚಿದರು. "ಆ ಮುದುಕಪ್ಪಂದು ಅವನ ಮಡಿ, ಅವನ ಅಮ್ಮನ ಪಾತ್ರೆ. ಅವನನ್ನ ಏನೂ ಅನ್ನಬೇಡ."

ತಮ್ಮ ಬಂದ. ಬಂದೇ ಬಂದ. ಹೆಂಡತಿ, ಮಕ್ಕಳು, ಹಗ್ಗ ಕಟ್ಟಿದ ಪೆಟ್ಟಿಗೆಗಳು. ವಿಮಾನ ನಿಲ್ದಾಣದಲ್ಲಿ ಮೂರು ಮಂದಿರದವರೂ ಹೂ ಹಿಡಿದು ನಿಂತಿದ್ದರು. ಅವನನ್ನು ಮೊದಲು ತಾಯಿಯ ಹತ್ತಿರ ಕರೆತಂದೆವು. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತಿದ. ಒಳಗೆ ತಾಯಿಯ ಕೂಗು, ಅಳು, ನಗು. ನಾವೆಲ್ಲ ಹೊರಗಿನ ಮೊಗಸಾಲೆಯಲ್ಲಿ ಗೋಡೆಗೊರಗಿ ನಿಂತೆವು. ಸುಮಾರು ಹೊತ್ತಿನ ಮೇಲೆ ಅವನು ಕಣ್ಣೊರೆಸಿಕೊಳ್ಳುತ್ತ ಬಂದು, ಅಕ್ಕನನ್ನು ಬದಿಗೆ ಕರೆದು, ತಗ್ಗಿದ ದನಿಯಲ್ಲಿ ತರಾಟೆಗೆ ತೆಗೆದುಕೊಂಡ. ಅಲ್ಲಿದ್ದ ಅಮೆರಿಕದವರಿಗೆ ಅದು ಅಕ್ಕತಮ್ಮಂದಿರ ಪ್ರೀತಿಯ ಮಾತಿನಂತೆ ಕೇಳಿಸಿರಬೇಕು, ಮುಗುಳ್ನಗುತ್ತ ನೋಡುತ್ತಿದ್ದರು.

"ಅಮ್ಮ ಕೆಳಗಿಳಿದೇ ಇಲ್ಲವಂತೆ. ಅವಳ ಮಂಡಿ ನೋಡಿಯೂ ಮಹಡಿ ಮನೆ ಹಿಡಿದೆಯಾ? ನೆಲದ ಮೇಲೆ ಒಂದು ಮನೆ ಸಿಗಲಿಲ್ಲವಾ ನಿನಗೆ ಇಷ್ಟು ದೊಡ್ಡ ದೇಶದಲ್ಲಿ? ಯೋಚನೆ ಅಂತ ಮಾಡ್ತೀಯಾ ನೀನು?"

ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಕಾರಿನ ಬಾಗಿಲು ತೆರೆದೇ ಇಟ್ಟುಕೊಂಡು ನೋಡಿದ್ದ ಅದೇ ನೋಟ. ಆಮೇಲೆ ತಮ್ಮನಿಗೆ ಹೇಳಿದಳು: "ಇಲ್ಲಿ ಗಾಳಿ ಚೆನ್ನಾಗಿದೆ."

"ಗಾಳಿ!" ಎಂದ ಅವನು.

ಅಷ್ಟರಲ್ಲಿ ಮೆಟ್ಟಿಲಿನಿಂದ ಏದುಸಿರು ಕೇಳಿಸಿತು. ದೊಡ್ಡ ಕನ್ನಡಕ, ದೊಡ್ಡ ಮಣಿಸರ, ಎರಡೂ ಕೈಯಲ್ಲಿ ಬಟ್ಟೆ ಸುತ್ತಿದ ಅದೇ ಗಾಜಿನ ಪಾತ್ರೆ. "ಅಬ್ಬಾ, ಈ ಮೆಟ್ಟಿಲು ಜೀವ ತೆಗೆಯುತ್ತೆ!" ಎನ್ನುತ್ತ ಬಂದಳು. ತಮ್ಮನನ್ನು ಅಪ್ಪಿಕೊಂಡಳು, ಮಕ್ಕಳ ಕೆನ್ನೆ ಹಿಂಡಿದಳು. ಆಮೇಲೆ ನನ್ನ ಕಡೆ ತಿರುಗಿ, ಪಾತ್ರೆಯ ಮೇಲಿನ ಬಟ್ಟೆ ಸರಿಸಿ ತೋರಿಸಿದಳು.

"ಈ ಸಲ ಮಾಂಸ ಹಾಕಿಲ್ಲ, ಡಾರ್ಲಿಂಗ್. ಬರೀ ಪಾಲಕ್ಕು, ಚೀಸು. ಹೋದ ಸಲ ಕೆಳಗಿನ ಪದರದಲ್ಲಿ ಮಾಂಸ ಅಂತ ನೀನು ಮುಟ್ಟಲೇ ಇಲ್ಲವಲ್ಲ, ಮರೆತಿಲ್ಲ ನೋಡು ನಾನು."

ಅವಳ ಕಣ್ಣು ಕನ್ನಡಕದ ಹಿಂದೆ ತಿಳಿಯಾಗಿತ್ತು. ಹೋದ ಸಲ ಪಾತ್ರೆಯಲ್ಲಿ ಏನಿತ್ತು ಎಂಬುದು ಅವಳಿಗೆ ಪದರ ಪದರವಾಗಿ ನೆನಪಿತ್ತು. ಆ ನೆನಪು ಮಕ್ಕಳ ಕುರ್ಚಿಗಳ ಆ ಸಭೆಯವರೆಗೆ ಎಂದಾದರೂ ನಡೆದುಹೋಗಿತ್ತೋ, ಅಥವಾ ಹೋಗಿ, ಎಲ್ಲವನ್ನೂ ನೋಡಿ, ಅಲ್ಲಿಂದ ಮೆಲ್ಲಗೆ ಹಿಂದೆ ಬಂದಿತ್ತೋ, ಆ ಮುಖದಲ್ಲಿ ನನಗೆ ಓದಲಾಗಲಿಲ್ಲ. ನನ್ನ ಬಾಯಲ್ಲಿ ಉತ್ತರವಿತ್ತು. ಎಷ್ಟೋ ತಿಂಗಳಿಂದ ಮಸೆದಿಟ್ಟ, ಒಂದೇ ವಾಕ್ಯದ ಉತ್ತರ. ಅಲ್ಲಿ ಮೂರೂ ಮಂದಿರದವರಿದ್ದರು. ತಮ್ಮನೂ ಬಂದಾಗಿತ್ತು, ಇನ್ನು ತ್ರಿಕೋನ ಮುರಿದರೆ ಯಾರಿಗೂ ನಷ್ಟವಿಲ್ಲ ಎಂದು ನನ್ನ ತರ್ಕ ಹೇಳುತ್ತಿತ್ತು.

"ಏನಂತೆ?" ಎಂದಳು ಅಕ್ಕ, ರಷ್ಯನ್ನಿನಲ್ಲಿ.

ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದೆ.

ಅವಳು ಪಾತ್ರೆಯನ್ನೇ ನೋಡಿದಳು. "ಹಾಗಾದರೆ ಇದು ಕೆಂಪೋ ನೀಲಿಯೋ?"

"ನೀಲಿ" ಅಂದೆ. "ಬರೀ ನೀಲಿ."

"ಸರಿ." ಆ ಹೆಂಗಸಿನ ಕೈಯಿಂದ ಪಾತ್ರೆ ತೆಗೆದುಕೊಂಡಳು. "ಅವಳಿಗೆ ಹೇಳು, ನನ್ನ ತಮ್ಮನ ಕುಟುಂಬ ಇಟಲಿಯಲ್ಲಿ ಸಿಕ್ಕಿಕೊಂಡಿತ್ತಲ್ಲ, ಹಾಗೆ ಅವನ ಹೆಂಡತಿಯ ಅಣ್ಣನ ಕುಟುಂಬ ಇನ್ನೂ ಅಲ್ಲೇ ಇದೆ. ಅದೇ ಮುಂದಿನ 'ಮುಂದಿನ ಕುಟುಂಬ' ಅಂತ ಹೇಳು."

ನಾನು ಹೇಳಿದೆ. ಆ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡು, ಖಂಡಿತ, ಖಂಡಿತ ಎಂದಳು.